ಕಡೆದದ್ದು, ಕೆತ್ತಿದ್ದು, ಮೆತ್ತಿದ್ದು: ಜಾನಪದ ವಸ್ತುಸಂಗ್ರಹಾಲಯವನ್ನು ಓದುವ ಬಗೆ

ಈ ವರ್ಷದ ಅಧ್ಯಯನ ಪ್ರವಾಸದಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನೂ ಮರುದಿನ ಚನ್ನಪಟ್ಟಣದ ಬೊಂಬೆ ಕೆಲಸವನ್ನೂ ನೋಡಲಿದ್ದಾರೆ. ಹಿಂದಿನ ವರ್ಷಗಳಲ್ಲಿ ಇಂಥ ಪ್ರವಾಸಗಳ ಬಳಿಕ ಸಲ್ಲಿಕೆಯಾದ ವರದಿಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಒಂದೇ ಅರ್ಥದ ವಾಕ್ಯವೊಂದು ಇದ್ದೇ ಇರುತ್ತಿತ್ತು: ಅಲ್ಲಿ ಅನೇಕ ಪುರಾತನ ವಸ್ತುಗಳಿದ್ದವು, ಅವುಗಳನ್ನು ಕಂಡು ನಮ್ಮ ಪೂರ್ವಿಕರ ಕಲಾಪ್ರೌಢಿಮೆಗೆ ಬೆರಗಾದೆವು. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಅದನ್ನು ಬರೆಯಲು ಮೈಸೂರಿಗೆ ಹೋಗಬೇಕಾಗಿಯೂ ಇಲ್ಲ. ಭಾಷೆ, ಸಾಹಿತ್ಯಗಳ ವಿದ್ಯಾರ್ಥಿಯೊಬ್ಬ ಮರದ ಬೊಂಬೆಯೊಂದರ ಎದುರು ನಿಂತಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ಪ್ರವಾಸಕ್ಕೆ ಮುಂಚೆಯೇ ಹೇಳಿಬಿಡುವುದು ಈ ಲೇಖನದ ಉದ್ದೇಶ.

ಸಂಗ್ರಹಾಲಯದ ಕುರಿತು ಮೊದಲು ಕೆಲವು ಮಾತು. ಅದು ಇರುವುದು ಜಯಲಕ್ಷ್ಮೀವಿಲಾಸವೆಂಬ ಅರಮನೆಯಲ್ಲಿ. ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಈ ಅರಮನೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ವಶಕ್ಕೆ ಬಂದಿತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ದೇಜಗೌ ಅವರ ಉತ್ಸಾಹ, ಜೀಶಂಪ ಅವರ ಜಾನಪದ ವಿದ್ವತ್ತು, ಪಿ. ಆರ್. ತಿಪ್ಪೇಸ್ವಾಮಿಯವರ ಅಲೆದಾಟ, ಈ ಮೂರೂ ಒಂದೆಡೆ ಕೂಡಿದ್ದರ ಫಲ ಅದು. ತಿಪ್ಪೇಸ್ವಾಮಿಯವರು ಮೂಲತಃ ಚಿತ್ರಕಲಾವಿದರು ಎಂಬುದನ್ನು ಗಮನಿಸಬೇಕು. ರೂಪವನ್ನು ಗುರುತಿಸಬಲ್ಲ ಕಣ್ಣೊಂದು ಹಳ್ಳಿಹಳ್ಳಿಗೆ ಹೋದುದರಿಂದಲೇ ತೊಗಲುಗೊಂಬೆ, ಸೂತ್ರದಗೊಂಬೆ, ಮುಖವಾಡಗಳ ಜೊತೆಗೆ ಕೊಳಗ, ಬಳ್ಳ, ಸೇರುಗಳಂಥ ಅಳತೆಯ ಪಾತ್ರೆಗಳೂ ಬೇಸಾಯದ ಉಪಕರಣಗಳೂ ದೀಪಗಳೂ ಅರಮನೆಯೊಳಗೆ ಬಂದವು. ರಾಜಕುಮಾರಿಯ ಮನೆಯಲ್ಲಿ ಕೊಳಗ ಕುಳಿತಿರುವುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಆದರೆ ವಸ್ತುವೊಂದು ಮನೆಯಿಂದ ಹೊರಟು ಗಾಜಿನ ಕಪಾಟಿಗೆ ಬರುವ ದಾರಿಯಲ್ಲಿ ಏನೇನು ಉದುರಿಹೋಗುತ್ತದೆ ಎಂಬುದನ್ನು ಯೋಚಿಸಬೇಕು. ಮರ ಉಳಿಯುತ್ತದೆ, ಬಣ್ಣ ಸ್ವಲ್ಪ ಉಳಿಯುತ್ತದೆ, ಆಕಾರ ಪೂರ್ತಿ ಉಳಿಯುತ್ತದೆ. ಉದುರುವುದು ಮಾತು. ಯಾವುದೇ ಸಂಗ್ರಹಾಲಯದ ಚೀಟಿಯಲ್ಲಿ ಎರಡು ಮೂರು ಪದಗಳಿಗಿಂತ ಹೆಚ್ಚಿಗೆ ಜಾಗವಿರುವುದಿಲ್ಲ. ಇದು ಚೀಟಿ ಬರೆದವರ ತಪ್ಪಲ್ಲ, ಚೀಟಿಯ ಅಳತೆಯೇ ಅಷ್ಟು. ವಸ್ತುವಿಗೆ ಒಂದು ನಾಮಪದವನ್ನು ಅಂಟಿಸಿ ಅದು ಸುಮ್ಮನಾಗುತ್ತದೆ. ಆ ವಸ್ತುವಿನ ಸುತ್ತ ಓಡಾಡುತ್ತಿದ್ದ ಕ್ರಿಯಾಪದಗಳು, ಮರದ ಹೆಸರು, ನಿಷೇಧದ ಮಾತು, ಬೈಗುಳ, ಒಗಟು ಇವಾವುವೂ ಕಪಾಟಿನೊಳಗೆ ಬರುವುದಿಲ್ಲ. ಅವು ಬರುವುದಿದ್ದರೆ ನೋಡುವವನ ಬಾಯಿಯಲ್ಲಿ ಬರಬೇಕು. ಹಾಗಾಗಿ ನಮ್ಮ ವಿದ್ಯಾರ್ಥಿಗಳು ಕೇವಲ ನೋಡುಗರಾಗಿ ಹೋಗಬಾರದು ಎನ್ನುತ್ತೇನೆ. ಕಾಸರಗೋಡಿನ ಮನೆಗಳಲ್ಲಿ ಬೆಳೆದವರ ಕಿವಿಯಲ್ಲಿ ಕನ್ನಡದ ಜೊತೆಗೆ ತುಳು ಇದೆ, ಮಲಯಾಳ ಇದೆ, ಹವ್ಯಕ ಇದೆ, ಕೊಂಕಣಿ ಇದೆ, ಕರಾಡ ಮರಾಠಿ ಇದೆ. ಈ ಬಹುಭಾಷಿಕತೆಯನ್ನು ನಾವು ಪರೀಕ್ಷೆಯ ಕಾಲದಲ್ಲಿ ತೊಡಕೆಂದು ಬೈದುಕೊಳ್ಳುವುದುಂಟು. ವಸ್ತುಸಂಗ್ರಹಾಲಯದಲ್ಲಿ ಅದೇ ನಮ್ಮ ಬಂಡವಾಳ.

‘ಬೊಂಬೆ’ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಕನ್ನಡದಲ್ಲಿ ಬೊಂಬೆ, ಗೊಂಬೆ ಎರಡೂ ಇವೆ. ತೆಲುಗಿನಲ್ಲಿ ಬೊಮ್ಮ, ತಮಿಳಿನಲ್ಲಿ ಬೊಮ್ಮೈ. ಇದಕ್ಕೆ ಇನ್ನೊಂದು ದ್ರಾವಿಡ ಪದವೂ ಇದೆ. ಮಲಯಾಳದಲ್ಲಿ ಬೊಂಬೆಗೆ ‘ಪಾವ’ ಎನ್ನುತ್ತಾರೆ. ಕೇರಳದ ತೊಗಲುಗೊಂಬೆಯಾಟದ ಹೆಸರೇ ತೋಲ್‌ಪಾವಕೂತ್ತು. ತಮಿಳಿನಲ್ಲಿ ಅದು ‘ಪಾವೈ’. ತುಳುವಿನಲ್ಲಿ ‘ಪಾಪೆ’ ಎಂದರೆ ಬೊಂಬೆಯೂ ಹೌದು, ಚಿತ್ರವೂ ಹೌದು, ದೈವದ ಮರದ ಮೂರ್ತಿಯೂ ಹೌದು. ಹಾಗಿದ್ದರೆ ಕನ್ನಡದಲ್ಲಿ ಈ ಪದ ಎಲ್ಲಿಗೆ ಹೋಯಿತು? ಅದು ಕಣ್ಣಿನೊಳಗೆ ಅಡಗಿ ಕುಳಿತಿದೆ. ಕಣ್ಣಪಾಪೆ ಎನ್ನುವಾಗ ನಾವು ಆಡುವುದು ಅದೇ ಪದವನ್ನು. ಎದುರಿಗೆ ನಿಂತವನ ಕಿರಿದಾದ ರೂಪವೊಂದು ಕಣ್ಣಿನ ಕರಿಯ ಬೊಟ್ಟಿನಲ್ಲಿ ಕಾಣುವುದರಿಂದ ಅದು ಕಣ್ಣಿನ ಬೊಂಬೆ. ಶಬ್ದಾದಿಯ ಪಕಾರ ಹಕಾರವಾದುದನ್ನು ನೀವು ಭಾಷಾಚರಿತ್ರೆಯಲ್ಲಿ ಓದಿದ್ದೀರಿ. ಪಾಲು ಹಾಲಾಯಿತು, ಪಾವು ಹಾವಾಯಿತು, ಪೂ ಹೂವಾಯಿತು. ಅದೇ ದಾರಿ ಹಿಡಿದ ‘ಪಾಪೆ’ ಹಳೆಯ ಕನ್ನಡ ಪಠ್ಯಗಳಲ್ಲಿ ‘ಹಾಹೆ’ ಎಂಬ ರೂಪದಲ್ಲಿ ಸಿಗುತ್ತದೆ. ಅರ್ಥ ಬೊಂಬೆ ಎಂದೇ. ಪಠ್ಯದಲ್ಲಿ ಈ ಮಾತು ಎದುರಾದಾಗ ಬೆಂಗಳೂರಿನ ವಿದ್ಯಾರ್ಥಿ ನಿಘಂಟು ತೆಗೆಯಬೇಕು. ಮಂಜೇಶ್ವರದವನಿಗೆ ಅಜ್ಜಿಯ ತುಳುವೇ ಸಾಕು.

ಇನ್ನು ಕ್ರಿಯಾಪದಕ್ಕೆ ಬರೋಣ. ಮರದ ಬೊಂಬೆಯೊಂದನ್ನು ಕಂಡಾಗ ಇದೇನು ಎಂದು ಕೇಳುವುದಕ್ಕಿಂತ ಇದನ್ನು ಏನು ಮಾಡಿ ಮಾಡಿದ್ದಾರೆ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ಚನ್ನಪಟ್ಟಣದ ಬೊಂಬೆ ಕಡೆದದ್ದು. ಭೂತದ ಪಾಪೆ ಕೆತ್ತಿದ್ದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆ ಕೆತ್ತಿ, ಜೋಡಿಸಿ, ಮೆತ್ತಿ, ಬರೆದದ್ದು. ಈ ವ್ಯತ್ಯಾಸ ಗೊತ್ತಿದ್ದರೆ ಚೀಟಿಯಿಲ್ಲದ ಬೊಂಬೆಯನ್ನೂ ಅದರ ಊರಿಗೆ ಕಳುಹಿಸಬಹುದು.

‘ಕಡೆ’ ಎಂಬ ಧಾತುವಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೊಸರು ಕಡೆಯುವುದು, ಕಡೆಗೋಲು, ಸಮುದ್ರವನ್ನು ಕಡೆದದ್ದು ನಮಗೆಲ್ಲ ಗೊತ್ತು. ಮರವನ್ನು ತಿರುಗಿಸಿ ಉಳಿ ಹಿಡಿದು ನುಣುಪು ಮಾಡುವುದಕ್ಕೂ ಅದೇ ಕ್ರಿಯಾಪದ. ತಮಿಳು, ಮಲಯಾಳಗಳಲ್ಲಿಯೂ ಈ ಎರಡು ಕೆಲಸಗಳಿಗೆ ಒಂದೇ ಧಾತು ಇದೆ. ಕಾರಣ ಹಳೆಯ ಯಂತ್ರದಲ್ಲಿದೆ. ವಿದ್ಯುತ್ತು ಬರುವುದಕ್ಕೆ ಮುಂಚೆ ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬನು ಅತ್ತಿತ್ತ ಎಳೆಯುತ್ತಿದ್ದ, ಇನ್ನೊಬ್ಬನು ಉಳಿ ಹಿಡಿಯುತ್ತಿದ್ದ. ನೋಟಕ್ಕೆ ಥೇಟು ಮಜ್ಜಿಗೆ ಕಡೆಯುವ ಕೆಲಸ. ಹಗ್ಗವನ್ನು ಒಮ್ಮೆ ಎಳೆದಾಗ ಮರ ಒಂದು ದಿಕ್ಕಿಗೆ, ಮತ್ತೆ ಎಳೆದಾಗ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಉಳಿ ಕೊರೆಯುವುದು ಒಂದು ದಿಕ್ಕಿನಲ್ಲಿ ಮಾತ್ರ, ಆದ್ದರಿಂದ ಅರ್ಧ ಹೊತ್ತು ಕೈ ತಡೆದು ಕಾಯಬೇಕು. ನಮ್ಮ ಕರಾವಳಿಯಲ್ಲಿ ಈ ಧಾತು ಮೂರನೆಯ ಮನೆಯನ್ನೂ ಹೊಕ್ಕಿದೆ. ಅಕ್ಕಿ ಅರೆಯುವ ಕಲ್ಲನ್ನು ಕಡೆಯುವ ಕಲ್ಲು ಎನ್ನುತ್ತೇವೆ. ತುಳುವಿನ ‘ಕಡೆಪುನಿ’ ಹಿಟ್ಟು ರುಬ್ಬುವುದು. ಹೊಯ್ಸಳ ದೇಗುಲದ ನುಣುಪಾದ ಕಂಬ, ಚನ್ನಪಟ್ಟಣದ ಬುಗುರಿ, ಮಜ್ಜಿಗೆಯ ಗಡಿಗೆ, ದೋಸೆಯ ಹಿಟ್ಟು ಈ ನಾಲ್ಕನ್ನೂ ಒಂದೇ ಧಾತು ಪೋಣಿಸಿರುವುದನ್ನು ಕಂಡವನಿಗೆ ಧಾತುಪಾಠ ಒಣವಿಷಯವೆನಿಸದು.

ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯುವುದಿಲ್ಲ ಎಂದರೆ ನಂಬಲು ಕಷ್ಟವಾಗಬಹುದು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಬೆಂಕಿಯೂ ಬೇಡ, ಕುಂಚವೂ ಬೇಡ. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆ ಅಷ್ಟು ಬೇಗ ಹೊತ್ತಿಕೊಂಡುದೇಕೆ ಎಂದು ಪದ್ಯಭಾಗದ ತರಗತಿಯಲ್ಲಿ ಕೇಳಿದವರು ಈ ಕಡ್ಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮಲಯಾಳದ ‘ಅರಕ್ಕ್’ ಇದೇ. ಕೊನೆಗೆ ಹೊಳಪು ಬರಿಸಲು ಎಲೆಯೊಂದನ್ನು ಒತ್ತುತ್ತಾರೆ. ಅಲ್ಲಿಯವರು ಅದನ್ನು ತಾಳೆಗರಿ ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ತಾಳೆಗರಿ ಎಂದೊಡನೆ ನಮ್ಮ ಮನಸ್ಸು ಹಸ್ತಪ್ರತಿಯ ಕಡೆಗೆ, ಪಂಪ ರನ್ನರ ಓಲೆಗಳ ಕಡೆಗೆ ಓಡುತ್ತದೆ. ಓಲೆಗರಿಯಿಂದ ಬೊಂಬೆ ಉಜ್ಜುತ್ತಾರೆಂದು ವರದಿಯಲ್ಲಿ ಬರೆದವರೂ ಇದ್ದಾರೆ. ಹಳೆಯ ಮೈಸೂರು ಸೀಮೆಯಲ್ಲಿ ತಾಳೆಹೂ ಎಂದರೆ ಕೇದಗೆ. ಬೊಂಬೆಗೆ ಹೊಳಪು ಕೊಡುವುದು ಕೇದಗೆಯ ಎಲೆ, ಓಲೆಯ ತಾಳೆಮರದ ಗರಿಯಲ್ಲ. ಮಲಯಾಳ ಬಲ್ಲವರಿಗೆ ಈ ಗೊಂದಲವೇ ಇಲ್ಲ. ಅಲ್ಲಿ ಓಲೆಯ ಮರ ‘ಪನ’, ಕೇದಗೆ ‘ಕೈತ’ ಅಥವಾ ‘ತಾೞ’, ಹೂವು ‘ತಾೞಂಪೂ’. ಹಳಗನ್ನಡದ ಪಾಠದಲ್ಲಿ ೞಕಾರವನ್ನು ಕಂಡು ಮುಖ ಸಿಂಡರಿಸುವವರು ಆ ಅಕ್ಷರ ನಮ್ಮ ಬಸ್ ನಿಲ್ದಾಣದಲ್ಲಿ ದಿನವೂ ಜೀವಂತವಾಗಿ ಕೇಳಿಬರುತ್ತಿದೆ ಎಂಬುದನ್ನು ನೆನಪಿಡಲಿ. ಅಷ್ಟಮಿಗೆ ಮೂಡೆ ಬೇಯಿಸಲು ನಮ್ಮ ಮನೆಗಳಲ್ಲಿ ಸುರುಳಿ ಸುತ್ತುವ ಮುಂಡೇವಿನ ಎಲೆಯೂ ಕೇದಗೆಯ ಬಳಗದ್ದೇ. ಮುಳ್ಳು ತೆಗೆದು ಬಿಸಿಗೆ ಬಾಡಿಸಿದ ಎಲೆಯ ನಯವನ್ನು ಬಲ್ಲ ಕೈಗೆ ಅದರಿಂದ ಅರಗು ಹೊಳೆಯುವುದು ಆಶ್ಚರ್ಯವಲ್ಲ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಚನ್ನಪಟ್ಟಣದ ಬೊಂಬೆಯನ್ನು ಹಾಲೆಮರದಿಂದ ಮಾಡುತ್ತಾರೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನು ಬಹಳ ಆತ್ಮವಿಶ್ವಾಸದಿಂದ, ಪಕಾರ ಹಕಾರವಾಗುವ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು, ಹಾಲೆ ಎಂದರೆ ನಮ್ಮ ಪಾಲೆಯೇ, ಆಟಿ ಅಮಾವಾಸ್ಯೆಯಂದು ಬೆಳಗಾಗುವ ಮುಂಚೆ ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಕೆತ್ತೆ ತೆಗೆದು ಕಷಾಯ ಕುಡಿಯುವ ಮರವೇ ಅದು ಎಂದು ಹೇಳಿದೆ. ನಿಯಮ ಸರಿಯಾಗಿತ್ತು. ಮರ ತಪ್ಪಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಮರುದಿನ ಬಂದು, “ಸರ್, ಮನೆಯಲ್ಲಿ ಕೇಳಿದೆ, ಅದು ಈ ಪಾಲೆ ಅಲ್ಲವಂತೆ, ದಂತಪ್ಪಾಲ ಇರಬೇಕು ಅಂದರು” ಎಂದ. ಅವನ ಮನೆಯಲ್ಲಿ ದಂತಪ್ಪಾಲದ ಎಲೆಯನ್ನು ತೆಂಗಿನೆಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟು ಚರ್ಮರೋಗಕ್ಕೆ ಹಚ್ಚುತ್ತಾರೆ. ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅವನು ಹೇಳಿದ್ದೇ ಸರಿ. ಆಟಿಯ ಪಾಲೆ ಸಂಸ್ಕೃತದ ಸಪ್ತಪರ್ಣಿ, ಮಲಯಾಳದ ಏೞಿಲಂಪಾಲ. ಸಸ್ಯಶಾಸ್ತ್ರದ ಹೆಸರು ಅಲ್‌ಸ್ಟೋನಿಯಾ ಸ್ಕೊಲಾರಿಸ್. ಹಿಂದೆ ಶಾಲೆಯ ಮಕ್ಕಳು ಬರೆಯುವ ಹಲಗೆಗೆ ಅದರ ಮರ ಬಳಕೆಯಾಗುತ್ತಿದ್ದುದರಿಂದ ಆ ‘ಸ್ಕೊಲಾರಿಸ್’. ಬೊಂಬೆಯ ಹಾಲೆ ರೈಟಿಯಾ ಟಿಂಕ್ಟೋರಿಯಾ ಎಂಬ ಬೇರೆಯೇ ಮರ, ದಂತದಂತೆ ಬಿಳುಪು, ನುಣುಪು. ಎರಡೂ ಗಾಯ ಮಾಡಿದರೆ ಹಾಲು ಸುರಿಸುತ್ತವೆ. ಪಾಲ್ ಇರುವ ಮರ ಪಾಲೆ. ಹೆಸರು ಕೊಟ್ಟವರು ಹಾಲನ್ನು ನೋಡಿ ಕೊಟ್ಟರು, ಜಾತಿಯನ್ನು ನೋಡಿ ಅಲ್ಲ.

ಧ್ವನಿನಿಯಮವೊಂದನ್ನೇ ನೆಚ್ಚಿ ವಸ್ತುವನ್ನು ಗುರುತಿಸಿದರೆ ಎಷ್ಟು ಅಪಾಯ ಎಂಬುದಕ್ಕೆ ನನ್ನ ಈ ತಪ್ಪು ಸಾಕ್ಷಿ. ಪುಣ್ಯಕ್ಕೆ ನನ್ನದು ತರಗತಿಯ ತಪ್ಪು. ಆಟಿ ಅಮಾವಾಸ್ಯೆಯ ಮುಂಜಾನೆಯ ಕತ್ತಲಲ್ಲಿ ಬೇರೆ ಮರದ ಕೆತ್ತೆ ತೆಗೆದು ಕಷಾಯ ಮಾಡಿದರೆ ಏನಾದೀತೆಂದು ನಿಮ್ಮ ಮನೆಯ ಹಿರಿಯರು ಹೇಳಿಯೇ ಇರುತ್ತಾರೆ. ಅಂದಹಾಗೆ ‘ಕೆತ್ತೆ’ ಎಂಬ ಮಾತಿನಲ್ಲಿಯೂ ‘ಕೆತ್ತು’ ಇದೆ.

ಕಿನ್ನಾಳದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಈ ಪ್ರವಾಸದಲ್ಲಿ ಅಲ್ಲಿಗೆ ಹೋಗುತ್ತಿಲ್ಲ. ಅಲ್ಲಿಯ ಕೆಲಸಗಾರರು ಚಿತ್ರಗಾರರೆಂದೇ ಹೆಸರಾದವರು. ಹಗುರವಾದ ಮರವನ್ನು ಕೆತ್ತಿ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ, ಸಂದುಗಳಿಗೂ ಮೈಗೂ ನಾರಿನ ಚೂರು, ಮರದ ಹೊಟ್ಟುಗಳನ್ನು ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಮೆತ್ತುತ್ತಾರೆ, ಅದರ ಮೇಲೆ ಬಣ್ಣ ಬರೆಯುತ್ತಾರೆ. ‘ಬರೆ’ ಎಂಬ ಮಾತು ಅಕ್ಷರಕ್ಕೂ ಚಿತ್ರಕ್ಕೂ ಸಮಾನವಾಗಿರುವುದನ್ನು ಅವರ ಕೆಲಸ ನೋಡಿದಾಗ ಅರಿಯಬಹುದು. ಗಾಜಿನ ಹಿಂದಿನಿಂದ ಮರ ಕಾಣದಷ್ಟು ಬಣ್ಣ ತುಂಬಿದ, ಒಡವೆಗಳು ಉಬ್ಬಿ ನಿಂತ ಬೊಂಬೆ ಕಂಡರೆ ಕಿನ್ನಾಳವನ್ನು ನೆನೆಯಿರಿ; ದುಂಡಗೆ, ಒಂದೇ ಅಕ್ಷದ ಸುತ್ತ ನುಣ್ಣಗೆ ನಿಂತದ್ದು ಕಂಡರೆ ಕಡೆದದ್ದೆಂದು ತಿಳಿಯಿರಿ.

ಆಟಿಕೆಗಳ ಪೈಕಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಬೊಂಬೆಯ ಮುಂದಲ್ಲ, ಮಣೆಯ ಮುಂದೆ. ಮೈಸೂರು ಸೀಮೆಯವರು ಅದನ್ನು ಅಳಗುಳಿಮಣೆ ಎನ್ನುತ್ತಾರೆ, ನಾವು ಚೆನ್ನೆಮಣೆ ಎನ್ನುತ್ತೇವೆ, ತಮಿಳರು ಪಲ್ಲಾಂಗುೞಿ. ಅಳಗುಳಿಯ ಗುಳಿಯೂ ತಮಿಳು, ಮಲಯಾಳಗಳ ‘ಕುೞಿ’ಯೂ ಒಂದೇ. ಸಾಲಿಗೆ ಏಳರಂತೆ ಎರಡು ಸಾಲು, ಹದಿನಾಲ್ಕು ಕುಳಿ. ಸಾಮಾನ್ಯವಾಗಿ ಕುಳಿಗೆ ನಾಲ್ಕು ಕಾಯಿ, ಒಟ್ಟು 56. ನಮ್ಮಲ್ಲಿ ಕೆಂಪಗೆ ಹೊಳೆಯುವ ಮಂಜೊಟ್ಟಿಯ ಬೀಜವನ್ನು ಕಾಯಿಯಾಗಿ ಬಳಸುತ್ತಾರೆ. ಮಲಯಾಳದ ಮಂಜಾಡಿ ಅದೇ. ಚೀಟಿ ಬರೆಯುವವರು ಒಳಾಂಗಣದ ಆಟದ ಸಾಧನ, ಮರ ಎಂದು ಬರೆದರೆ ಅಕ್ಷರಶಃ ಸತ್ಯವೇ. ಆದರೆ ತುಳುನಾಡಿನಲ್ಲಿ ಈ ಮಣೆಗೆ ಎರಡು ಸಾವುಗಳ ಕತೆ ಅಂಟಿಕೊಂಡಿದೆ. ಸಿರಿಯ ಪಾಡ್ದನದಲ್ಲಿ ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ, ದಾರಗ. ಅವರಿಬ್ಬರೂ ಚೆನ್ನೆಯಾಡಲು ಕುಳಿತು, ಸೋಲುಗೆಲುವಿನ ಮಾತು ಬೆಳೆದು, ಒಬ್ಬಳು ಅದೇ ಮಣೆಯೆತ್ತಿ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ. ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದಿರು ಕುಳಿತು ಚೆನ್ನೆಯಾಡಬಾರದೆಂಬ ಕಟ್ಟಳೆ ಇಂದಿಗೂ ಹಲವು ಮನೆಗಳಲ್ಲಿದೆ. ಆಟಿ ತಿಂಗಳು ಕಳೆದ ಮೇಲೆ ಮಣೆಯನ್ನು ಅಟ್ಟಕ್ಕೆ ಏರಿಸಿಬಿಡುವ ಮನೆಗಳೂ ಇವೆ.

ಈ ಪಾಡ್ದನವನ್ನು ಮಾಚಾರು ಗೋಪಾಲ ನಾಯ್ಕರ ಬಾಯಿಂದ ಪೂರ್ಣವಾಗಿ ದಾಖಲಿಸಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1998ರಲ್ಲಿ ಪ್ರಕಟಿಸಿದರು. ಹದಿನೈದು ಸಾವಿರಕ್ಕೂ ಮಿಕ್ಕಿದ ಸಾಲುಗಳ ಕಾವ್ಯ ಅದು. ನಿಮ್ಮಲ್ಲಿ ಹಲವರು ಪರೀಕ್ಷೆಗಾಗಿ ಅದರ ಕಥಾಸಾರವನ್ನು ಓದಿದ್ದೀರಿ. ಕಾವ್ಯವೊಂದು ಕಪಾಟಿನಲ್ಲಿ, ಅದರೊಳಗಿನ ಮಣೆ ಇನ್ನೊಂದು ಕಪಾಟಿನಲ್ಲಿ ಇರುವುದಾದರೆ ಇವೆರಡನ್ನೂ ಒಂದುಗೂಡಿಸಬಲ್ಲವರು ಯಾರು? ಎರಡನ್ನೂ ಬಲ್ಲ ಮನೆಯಿಂದ ಬಂದವರು ಮಾತ್ರ. ಹಿಂದೆ ನಮ್ಮ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಮನೆಯ ಅಟ್ಟದಿಂದ ಚೆನ್ನೆಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತರಗತಿಗೆ ತಂದಿದ್ದಳು. ಅದರ ಒಂದು ಕುಳಿ ಉಳಿದವುಗಳಿಗಿಂತ ನುಣುಪಾಗಿತ್ತು. ಕೇಳಿದರೆ, ಅಜ್ಜಿ ಯಾವಾಗಲೂ ಅಲ್ಲಿಂದಲೇ ಕಾಯಿ ಎತ್ತುತ್ತಿದ್ದರಂತೆ, ಅಜ್ಜಿಯನ್ನು ಸೋಲಿಸಿದವರು ಯಾರೂ ಇರಲಿಲ್ಲವಂತೆ. ಅಜ್ಜಿಗೆ ತಂಗಿಯೊಬ್ಬರಿದ್ದರು, ಇಬ್ಬರೂ ಜೊತೆಯಾಗಿ ಒಮ್ಮೆಯೂ ಆಡಲಿಲ್ಲ. ಸಂಗ್ರಹಾಲಯದ ಚೀಟಿಯಲ್ಲಿ ಬರಬೇಕಾದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದವರು ನಾವು.

ಮಣೆಯಲ್ಲಿ ಕತೆ ಅಡಗಿದ್ದರೆ ಭೂತದ ಪಾಪೆಯಲ್ಲಿ ಇನ್ನೂ ಬಿಗಿಯಾದ ಸಮಸ್ಯೆಯಿದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ಸನ್ನಿಧಿಯಲ್ಲಿ ಆಳೆತ್ತರದ ಮರದ ಮೂರ್ತಿಗಳ ದೊಡ್ಡ ಪರಿವಾರವೇ ಇದೆ. ಅಲ್ಲಿಯ ಹಳೆಯ ಮೂರ್ತಿಗಳು ಈಗ ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಮರ ಜೀರ್ಣವಾದಾಗ ಹೊಸ ಮೂರ್ತಿಯನ್ನು ಕೆತ್ತಿಸಿ, ಶಕ್ತಿಯನ್ನು ಅದಕ್ಕೆ ದಾಟಿಸಿ, ಹಳೆಯದನ್ನು ವಿಸರ್ಜಿಸುವುದು ಪದ್ಧತಿ. ಅಂದರೆ ದೆಹಲಿಯಲ್ಲಿ ನಿಂತಿರುವುದು ಭಕ್ತರ ಪಾಲಿಗೆ ಕೆಲಸ ಮುಗಿಸಿದ ಮರ, ಕಲಾರಸಿಕರ ಪಾಲಿಗೆ ಅಪೂರ್ವ ಶಿಲ್ಪ. ಎರಡು ದೃಷ್ಟಿಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದು ತೀರ್ಪು ಕೊಡುವ ಆತುರ ಬೇಡ. ಕೊಳೆತುಹೋಗಬೇಕಾದುದನ್ನು ಉಳಿಸಿದ್ದರಿಂದಲೇ ನಾವು ಇಂದು ಹಳೆಯ ಕೈಕೆಲಸವನ್ನು ನೋಡಬಹುದಾಗಿದೆ. ಆದರೆ ಬರೆಯುವಾಗ ‘ಮರದ ಬೊಂಬೆ’ ಎಂದು ಬರೆಯುತ್ತೀರೋ ‘ಮೂರ್ತಿ’ ಎಂದೋ ‘ಶಿಲ್ಪ’ ಎಂದೋ ಎಂಬುದು ಕೇವಲ ಪದದ ಆಯ್ಕೆಯಲ್ಲ. ನೀವು ಯಾರ ಪಕ್ಕದಲ್ಲಿ ನಿಂತು ನೋಡುತ್ತಿದ್ದೀರಿ ಎಂಬುದರ ಘೋಷಣೆ. ಇಲ್ಲಿ ತುಳುವಿನ ಪಾಪೆ ಉಪಕಾರಿ, ಏಕೆಂದರೆ ಅದು ಮಗುವಿನ ಕೈಯ ಬೊಂಬೆಯನ್ನೂ ಗುಡಿಯ ದೈವವನ್ನೂ ಬೇರೆ ಮಾಡುವುದಿಲ್ಲ.

ಸೂತ್ರದ ಬೊಂಬೆಗಳ ಮುಂದೆ ನಮ್ಮವರು ಹೆಚ್ಚು ಧೈರ್ಯದಿಂದ ಮಾತಾಡಬಹುದು. ಯಕ್ಷಗಾನದ ವೇಷವನ್ನೇ ತೊಟ್ಟ ಮರದ ಬೊಂಬೆಗಳ ಆಟ ಕುಂದಾಪುರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರ ಮನೆತನದಿಂದ ಹೆಸರಾಯಿತು, ಅದು ಬಡಗುತಿಟ್ಟು. ನಮ್ಮ ಕಾಸರಗೋಡಿನಲ್ಲಿ ಕೆ. ವಿ. ರಮೇಶರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ 1981ರಿಂದ ತೆಂಕುತಿಟ್ಟಿನ ಬೊಂಬೆಗಳನ್ನು ಕುಣಿಸುತ್ತಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಕಿರೀಟ ನೋಡಿ ತಿಟ್ಟು ಹೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಪಾಟಿನೊಳಗಿನ ಬೊಂಬೆಯ ತಲೆಯ ಮೇಲೆ ಕೇದಗೆ ಮುಂದಲೆ ಕಂಡರೆ ಅದು ಬಡಗಿನದು ಎನ್ನುತ್ತೀರಿ. ಕೇದಗೆ ಮತ್ತೆ ಬಂತು ನೋಡಿ.

ಇನ್ನೊಂದು ತಾಂತ್ರಿಕ ಸಂಗತಿ ಉಳಿದಿದೆ: ಸ್ಥಳದ ಹೆಸರು. ನಮ್ಮ ಅಜ್ಜನ ಕಾಲದ ಮಣೆಯೊಂದನ್ನು ಯಾವ ರಾಜ್ಯ, ಯಾವ ಜಿಲ್ಲೆ ಎಂದು ಬರೆಯಬೇಕು? 1940ರಲ್ಲಿ ಕುಂಬಳೆಯಲ್ಲಿ ಕೆತ್ತಿದ ಮಣೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯದು. ಮನೆಯ ಅಟ್ಟದಿಂದ ಕೆಳಗಿಳಿಯದೆಯೇ ಅದು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಬಳಿಕ ಕಣ್ಣೂರು ಜಿಲ್ಲೆಯದಾಯಿತು. 1984ರಲ್ಲಿ ಕಾಸರಗೋಡು ಜಿಲ್ಲೆಯದಾಯಿತು. ಕರ್ನಾಟಕದ ಜಾನಪದ ಎಂದು ಹುಡುಕುವವರು ಅದನ್ನು ಕಾಣಲಾರರು, ಕೇರಳದ ಜಾನಪದ ಎಂದು ಹುಡುಕುವವರು ಅದರ ಕನ್ನಡ ಹೆಸರನ್ನು ಓದಲಾರರು. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾಗಳ ಅಟ್ಟಗಳಲ್ಲಿರುವ ವಸ್ತುಗಳಿಗೂ ಇದೇ ಗತಿ. ನಾವು ಮಾಡಬಹುದಾದದ್ದು ಸರಳವಾಗಿದೆ: ಊರಿನ ಹೆಸರು, ಸಾಧ್ಯವಾದರೆ ಮನೆಯ ಹೆಸರು ಬರೆಯಬೇಕು, ರಾಜ್ಯದ ಹೆಸರನ್ನು ಆಮೇಲೆ ಬರೆದರಾಯಿತು. ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟವೇ ಇಲ್ಲವಾಗುತ್ತಿದೆ. ಹಳೆಯ ಮರದ ಸಾಮಾನು ಕೊಳ್ಳುವವರು ವಾಹನ ತಂದು ಮನೆಬಾಗಿಲಲ್ಲಿ ನಿಲ್ಲಿಸುತ್ತಾರೆ. ಅವರು ವಸ್ತುವಿನ ತೂಕ ಕೇಳುತ್ತಾರೆ, ವಯಸ್ಸು ಕೇಳುತ್ತಾರೆ. ಹೆಸರು ಕೇಳಿದವರನ್ನು ನಾನು ಕಂಡಿಲ್ಲ.

ಪ್ರವಾಸಕ್ಕೆ ಹೊರಡುವವರು ಪ್ರತಿಯೊಬ್ಬರೂ ಒಂದೇ ಒಂದು ಮರದ ವಸ್ತುವನ್ನು ಆರಿಸಿಕೊಳ್ಳಬೇಕು. ಹತ್ತು ವಸ್ತುಗಳ ಪಟ್ಟಿ ಬೇಡ. ಮೊದಲು ಚೀಟಿಯಲ್ಲಿರುವುದನ್ನು ಹಾಗೆಯೇ ನಕಲು ಮಾಡಿ. ಅದರ ಕೆಳಗೆ ಕಡೆದದ್ದೋ, ಕೆತ್ತಿದ್ದೋ, ಮೆತ್ತಿದ್ದೋ ಎಂಬುದನ್ನು ನಿಮ್ಮ ಕಣ್ಣಿಗೆ ಕಂಡಂತೆ ಬರೆಯಿರಿ. ಬೆನ್ನಿನ ಭಾಗ ಕಾಣುವಂತಿದ್ದರೆ ಅದನ್ನೂ ಬಾಗಿ ನೋಡಿ, ಉಳಿಯ ಗುರುತು ಅಲ್ಲಿ ಉಳಿದಿರುತ್ತದೆ. ಛಾಯಾಚಿತ್ರಕ್ಕೆ ಅನುಮತಿ ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಗೀಚಿದ ರೇಖಾಚಿತ್ರ ಸಾಕು. ಹೊರಗೆ ಬಂದ ಮೇಲೆ ಮನೆಗೆ ಕರೆ ಮಾಡಿ, ಮನೆಯ ಭಾಷೆಯಲ್ಲಿ ಆ ವಸ್ತುವಿಗೆ ಏನೆನ್ನುತ್ತಾರೆ, ಯಾವ ತಿಂಗಳಲ್ಲಿ ಬಳಸುತ್ತಿದ್ದರು, ಯಾರು ಮುಟ್ಟಬಾರದಿತ್ತು ಎಂದು ಕೇಳಿ. ಉತ್ತರವನ್ನು ಅವರು ಹೇಳಿದ ಭಾಷೆಯಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆಯಿರಿ, ಶಿಷ್ಟಗನ್ನಡಕ್ಕೆ ತಿದ್ದಬೇಡಿ. ಹೇಳಿದವರ ವಯಸ್ಸನ್ನೂ ಊರನ್ನೂ ಬದಿಯಲ್ಲಿ ಗುರುತಿಸಿ. ಮರದ ಹೆಸರು ಗೊತ್ತಾಗದಿದ್ದರೆ ಕಾಡುಮರ ಎಂದು ಬರೆದು ತಪ್ಪಿಸಿಕೊಳ್ಳಬೇಡಿ, ನನ್ನ ಹಾಗೆ ಧ್ವನಿನಿಯಮದಿಂದ ಊಹಿಸಲೂ ಬೇಡಿ. ಆ ಸಾಲನ್ನು ಖಾಲಿ ಬಿಟ್ಟು ವರದಿ ಸಲ್ಲಿಸಿ. ಗೊತ್ತಾದ ದಿನ ಬಂದು ತುಂಬಿಸಬಹುದು.